ಕೆಟಲ್‌ಬೆಲ್ ಕೊಳ್ಳುವ ಮುಂಚೆ ಹಿಡಿ ನೋಡಿ

ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ನಮ್ಮ ಕಡೆ ಬೆಳಗಿನ ವಾಕಿಂಗ್ ನಿಂತಿತು ಅಂತಲೇ ಅರ್ಥ. ಶಿವಮೊಗ್ಗ ಪೇಟೆಯಲ್ಲಾದರೂ ನಡುನಡುವೆ ಹೊಳವಾಗುತ್ತದೆ. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋದರೆ ಅದೂ ಇಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ಅದು. ಕುರ್ಚಿಯ ಮೇಲೆ ಕೂತು ಕೆಲಸ ಮಾಡುವ ನನ್ನಂಥವರಿಗೆ ಆ ನಾಲ್ಕು ತಿಂಗಳು ಬೆನ್ನು, ಕುತ್ತಿಗೆ ಎರಡೂ ಕಲ್ಲಾಗುತ್ತವೆ. ಮನೆಯೊಳಗೇ, ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ಮೈ ಬಗ್ಗಿಸಲು ಏನಾದರೂ ಬೇಕು ಅಂತ ಹುಡುಕುವಾಗ ಸಿಕ್ಕಿದ್ದು ಕೆಟಲ್‌ಬೆಲ್, ಅಂದರೆ ಮೇಲೊಂದು ಹಿಡಿ ಇರುವ ವ್ಯಾಯಾಮದ ಭಾರದ ಗುಂಡು.

ಮೊದಲನೆಯದನ್ನು ನಾನು ತಪ್ಪಾಗಿ ಕೊಂಡೆ. ಪೇಟೆಯ ಒಂದು ಅಂಗಡಿಯಲ್ಲಿ, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಹೊದಿಕೆಯ 4 ಕಿಲೋದ್ದು. "ಲೇಡೀಸ್‌ಗೆ ಇದೇ ಸರಿ ಮೇಡಂ, ಎಲ್ಲರೂ ಇದನ್ನೇ ಒಯ್ಯೋದು" ಅಂದರು. ನಾನೂ ನಂಬಿದೆ. ಊರಿಗೆ ಹೋದಾಗ ಅದನ್ನೂ ಒಯ್ದಿದ್ದೆ. ಅಮ್ಮ ಒಂದೇ ಕೈಯಲ್ಲಿ ಎತ್ತಿ ನೋಡಿ, "ಇದಕ್ಕಿಂತ ನಮ್ಮ ಕೊಡಪಾನವೇ ಭಾರ ಅಲ್ವೇನೇ?" ಅಂದಳು. ಅವಳ ಮಾತು ನೇರವಾಗಿ ತಾಗಿತು. 12 ಲೀಟರ್ ಹಿಡಿಯುವ ಕೊಡ ತುಂಬಿದರೆ ನೀರೇ 12 ಕಿಲೋ. ಕೊಡದ ತೂಕ ಬೇರೆ. ಅದನ್ನು ಸೊಂಟದ ಮೇಲಿಟ್ಟುಕೊಂಡು ಬಾವಿಕಟ್ಟೆಯಿಂದ ಮೆಟ್ಟಿಲು ಹತ್ತಿದವಳು ಅವಳು. ಹೆಂಗಸು ಅನ್ನುವ ಒಂದೇ ಕಾರಣಕ್ಕೆ 4 ಕಿಲೋ ಕೈಗೆ ಕೊಡುವುದು ಯಾವ ಲೆಕ್ಕ?

ಅಲ್ಲಿಂದ ಮುಂದೆ ನಾನು ಈ ವಿಷಯವನ್ನು ಕೂತು ಕಲಿತೆ. ಕಲಿತದ್ದರಲ್ಲಿ ದೊಡ್ಡದು ಇಷ್ಟು: ಕೆಟಲ್‌ಬೆಲ್ ಕೊಳ್ಳುವಾಗ ಎಲ್ಲರೂ ಮೊದಲು ತೂಕ ಕೇಳುತ್ತಾರೆ, ಬಣ್ಣ ನೋಡುತ್ತಾರೆ. ಮೊದಲು ನೋಡಬೇಕಾದ್ದು ಹಿಡಿಯನ್ನು. ಯಾಕೆ ಅಂತ ಹೇಳಬೇಕಾದರೆ ಈ ವಸ್ತು ಹೇಗೆ ಕೆಲಸ ಮಾಡುತ್ತದೆ ಅನ್ನುವುದರಿಂದ ಶುರು ಮಾಡಬೇಕು.

ಇದರ ಹುಟ್ಟೂರು ರಷ್ಯಾ. ಅಲ್ಲಿ ಇದಕ್ಕೆ ಗಿರ್ಯಾ ಅಂತ ಹೆಸರು. ಸಂತೆಯಲ್ಲಿ ಧಾನ್ಯ ತೂಗಲು ಇಡುತ್ತಿದ್ದ ತೂಕದ ಕಲ್ಲು ಅದು. ಎತ್ತಿಡಲು ಅನುಕೂಲವಾಗಲಿ ಅಂತ ಮೇಲೊಂದು ಹಿಡಿ. ಸಂತೆಯಲ್ಲಿ ಕಟ್ಟುಮಸ್ತಾದ ಗಂಡಸರಿದ್ದಲ್ಲಿ ಮುಂದೇನಾಗುತ್ತದೆ ಅಂತ ಹೇಳಬೇಕಿಲ್ಲ. ಯಾರು ಎಷ್ಟು ಸಲ ಎತ್ತುತ್ತಾರೆ ಅಂತ ಪಂಥ ಶುರುವಾಯಿತು. ನಮ್ಮ ಗರಡಿಮನೆಗಳಲ್ಲಿ ಗದೆ, ಗುಂಡುಕಲ್ಲು ಇದ್ದ ಹಾಗೆ ಅವರಿಗೆ ಇದು. ರಷ್ಯಾದ ಹಳೆಯ ತೂಕದ ಅಳತೆ ಪೂಡ್. ಒಂದು ಪೂಡ್ ಅಂದರೆ ಸುಮಾರು 16.38 ಕಿಲೋ. ಇವತ್ತಿಗೂ 16, 24, 32 ಕಿಲೋ ಇದರ ಮೂಲ ತೂಕಗಳಾಗಿ ಉಳಿದಿರುವುದು ಅದಕ್ಕೇ. ಒಂದು, ಒಂದೂವರೆ, ಎರಡು ಪೂಡ್. ಸಂತೆಯ ಲೆಕ್ಕ ನಮ್ಮ ಮನೆಯ ಜಗಲಿಯವರೆಗೆ ಬಂದಿದೆ.

ಡಂಬೆಲ್ ಹಿಡಿದಾಗ ಭಾರ ಕೈಯ ಎರಡೂ ಬದಿಗೆ ಸಮನಾಗಿ ಇರುತ್ತದೆ. ಕೆಟಲ್‌ಬೆಲ್‌ನಲ್ಲಿ ಹಾಗಲ್ಲ. ಭಾರವೆಲ್ಲ ಗುಂಡಿನಲ್ಲಿ, ಕೈ ಮಾತ್ರ ಅದರಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ. ಹಾಗಾಗಿ ಅದು ಯಾವಾಗಲೂ ತೂಗಲು, ತಿರುಗಲು, ಜಾರಲು ನೋಡುತ್ತದೆ. ಅದನ್ನು ತಡೆಯಲು ಮುಂಗೈ, ಭುಜ, ಹೊಟ್ಟೆ, ಬೆನ್ನು ಎಲ್ಲವೂ ಒಟ್ಟಿಗೆ ಕೆಲಸ ಮಾಡಬೇಕಾಗುತ್ತದೆ. ಇದೇ ಇದರ ಗುಣ. ಇದನ್ನು ಬರೀ ಎತ್ತುವುದಲ್ಲ, ಕಾಲುಗಳ ನಡುವಿನಿಂದ ಮುಂದಕ್ಕೆ ಬೀಸುತ್ತೇವೆ.

ಜೋಕಾಲಿಯಲ್ಲಿ ಕೂತಿದ್ದು ನೆನಪಿದೆಯಾ? ಕೆಳಗೆ ಬಂದ ಗಳಿಗೆಯಲ್ಲಿ ಮೈ ಭಾರವಾದ ಹಾಗೆ ಅನ್ನಿಸುತ್ತದೆ. ಹಗ್ಗಕ್ಕೆ ಕಲ್ಲು ಕಟ್ಟಿ, ಹಗ್ಗ ನೆಲಕ್ಕೆ ಸಮಾನಾಂತರವಾಗುವವರೆಗೆ ಎತ್ತಿ ಬಿಟ್ಟರೆ, ಕಲ್ಲು ತಳಕ್ಕೆ ಬಂದಾಗ ಹಗ್ಗದ ಮೇಲೆ ಬೀಳುವ ಎಳೆತ ಕಲ್ಲಿನ ತೂಕದ 3 ಪಟ್ಟು. ಇದು ಲೋಲಕದ ಸರಳ ಲೆಕ್ಕ. ನಮ್ಮ ತೋಳು ಹಗ್ಗವಲ್ಲ, ಸೊಂಟವೂ ಜೊತೆಗೆ ಚಲಿಸುತ್ತದೆ, ಹಾಗಾಗಿ ನಿಜವಾದ ಅಂಕಿ ವ್ಯತ್ಯಾಸವಾಗುತ್ತದೆ. ಆದರೂ ವಿಷಯ ಅರ್ಥವಾಯಿತಲ್ಲ. 16 ಕಿಲೋ ಬೀಸುವಾಗ ನಿಮ್ಮ ಬೆರಳಿಗೆ, ಹಿಡಿಗೆ, ಹಿಡಿ ಗುಂಡಿಗೆ ಸೇರುವ ಜಾಗಕ್ಕೆ ಬೀಳುವ ಎಳೆತ 16 ಕಿಲೋ ಅಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ. ಹಿಡಿ ಜಾರಿದರೆ ಕಿಟಕಿ ಗಾಜು ಒಡೆಯುತ್ತದೆ, ಹಿಡಿ ಕಿತ್ತು ಬಂದರೆ ಎದುರಿಗಿದ್ದ ಮಗುವಿನ ಗತಿ ಏನು? ಅದಕ್ಕೇ ಹೇಳುತ್ತಿರುವುದು, ಹಿಡಿ ಮೊದಲು.

ಹಿಡಿ ನೋಡುವುದು ಹೇಗೆ

ನನಗೆ ಇದನ್ನು ಸರಿಯಾಗಿ ಕಲಿಸಿದ್ದು ನನ್ನ ಭಾವ. ಅವರು ಮಾಚೇನಹಳ್ಳಿಯ ಎರಕದ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಶಿವಮೊಗ್ಗ, ಭದ್ರಾವತಿಯವರಿಗೆ ಕಬ್ಬಿಣ ಹೊಸದಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ 1923ರಿಂದಲೇ ಬೀಡು ಕಬ್ಬಿಣ ಕರಗುತ್ತಿತ್ತು, ಅದಿರು ಕೆಮ್ಮಣ್ಣುಗುಂಡಿಯಿಂದ ಇಳಿಯುತ್ತಿತ್ತು. ಇಲ್ಲಿನ ಎಷ್ಟೋ ಮನೆಗಳಲ್ಲಿ ಎರಕದ ವಿಷಯ ಬಲ್ಲವರು ಒಬ್ಬರಾದರೂ ಇರುತ್ತಾರೆ. ಅಂಗಡಿಗೆ ಹೋಗುವಾಗ ಅವರನ್ನು ಕರೆದುಕೊಂಡು ಹೋಗಿ, ನಿಜವಾಗಿಯೂ ಉಪಯೋಗಕ್ಕೆ ಬರುತ್ತಾರೆ.

ನಾನು ಎರಡನೇ ಸಲ ಕೊಳ್ಳಲು ಹೋದಾಗ ಭಾವ ಜೊತೆಗಿದ್ದರು. ಬಣ್ಣ, ಬ್ರ್ಯಾಂಡು ಯಾವುದನ್ನೂ ನೋಡಲಿಲ್ಲ. ಹಿಡಿಯ ಒಳಭಾಗಕ್ಕೆ ಬೆರಳು ಹಾಕಿ ಸವರಿದರು.

"ಇಲ್ಲಿ ನೋಡಮ್ಮ, ಗೆರೆ ಸಿಗ್ತದೆ. ಮರಳಿನ ಅಚ್ಚು ಎರಡು ಭಾಗ ಇರ್ತದೆ. ಎರಡೂ ಕೂಡೋ ಕಡೆ ಲೋಹ ಸ್ವಲ್ಪ ಹೊರಗೆ ಬಂದು ಅಂಚು ಆಗ್ತದೆ. ಅದನ್ನ ಗ್ರೈಂಡ್ ಮಾಡಿ ನುಣ್ಣಗೆ ಮಾಡಬೇಕು. ಫೆಟ್ಲಿಂಗ್ ಅಂತೀವಿ. ಇದಕ್ಕೆ ಮಾಡಿಲ್ಲ."

"ಪೇಂಟ್ ಇದೆಯಲ್ಲ ಭಾವ?"

"ಪೇಂಟ್ ಹೋದ ಮೇಲೆ ಅಂಚು ಅಲ್ಲೇ ಇರ್ತದಲ್ಲ."

ನೂರು ಸಲ ಬೀಸಿದಾಗ ಆ ಅಂಚು ಅಂಗೈ ಚರ್ಮವನ್ನು ಬ್ಲೇಡಿನಂತೆ ಕಿತ್ತುಹಾಕುತ್ತದೆ. ನೋಡಲು ಸುಲಭದ ದಾರಿ ಇದೆ. ಹಳೆಯ ಹತ್ತಿ ಬಟ್ಟೆಯನ್ನೋ ನೈಲಾನ್ ಕಾಲುಚೀಲವನ್ನೋ ಹಿಡಿಯ ಸುತ್ತ, ಮುಖ್ಯವಾಗಿ ಒಳಗಡೆ ಎಳೆದು ನೋಡಿ. ನೂಲು ಎಲ್ಲಾದರೂ ಸಿಕ್ಕಿಕೊಂಡರೆ ಆ ಬೆಲ್ ಬೇಡ. ಮೂಲೆಯಲ್ಲಿ, ಹಿಡಿ ಗುಂಡಿಗೆ ಸೇರುವ ಕಡೆ, ಪೇಂಟ್ ದಪ್ಪಗೆ ಉಬ್ಬಿದ್ದರೆ ಒಳಗೆ ಪುಟ್ಟಿ ತುಂಬಿ ಎರಕದ ತೂತು ಮುಚ್ಚಿರಬಹುದು. ಉಗುರಿನಿಂದ ಒತ್ತಿ ನೋಡಿ. ಕಬ್ಬಿಣ ಬಗ್ಗುವುದಿಲ್ಲ, ಪುಟ್ಟಿ ಚೂರು ಬಿಡುತ್ತದೆ.

ಹಿಡಿ ಮತ್ತು ಗುಂಡು ಒಂದೇ ಎರಕದಲ್ಲಿ ಬಂದಿದ್ದರೆ ಒಳ್ಳೆಯದು. ಬೇರೆ ಬೇರೆ ಮಾಡಿ ವೆಲ್ಡಿಂಗ್ ಮಾಡಿದ್ದೂ ಸಿಗುತ್ತದೆ. ಚೆನ್ನಾಗಿ ಮಾಡಿದ ವೆಲ್ಡಿಂಗ್ ಕೆಟ್ಟದ್ದೇನಲ್ಲ, ಆದರೆ ಅದು ಚೆನ್ನಾಗಿದೆಯೋ ಇಲ್ಲವೋ ಅಂತ ಪೇಂಟಿನ ಮೇಲಿಂದ ನೋಡಿ ನಾವು ಹೇಳಲಾಗುವುದಿಲ್ಲ. ಹಾಗಾಗಿ ನಾನು ಒಂದೇ ಎರಕದ್ದನ್ನೇ ಕೇಳುತ್ತೇನೆ.

ಇನ್ನು ದಪ್ಪ. ಕೆಟಲ್‌ಬೆಲ್ ಎತ್ತುವ ಸ್ಪರ್ಧೆಗಳಲ್ಲಿ ಬಳಸುವ ಬೆಲ್‌ಗಳ ಹಿಡಿ 33ರಿಂದ 35 ಮಿಲಿಮೀಟರ್ ದಪ್ಪ ಇರುತ್ತದೆ. ಅಂಗಡಿಯಲ್ಲಿ ಅಳೆಯಲು ದರ್ಜಿಯ ಟೇಪ್ ಸಾಕು. ಹಿಡಿಯ ಸುತ್ತಳತೆ ಹತ್ತೂವರೆಯಿಂದ 11 ಸೆಂಟಿಮೀಟರ್ ಬಂದರೆ ಸರಿಯಾಗಿ ಆ ದಪ್ಪ. ಬೆರಳು ಚಿಕ್ಕದಿದ್ದವರಿಗೆ ಇದಕ್ಕಿಂತ ಸ್ವಲ್ಪ ಸಣ್ಣದಾದರೂ ನಡೆಯುತ್ತದೆ. ತೀರಾ ದಪ್ಪ ಇದ್ದರೆ ಸೊಂಟ, ತೊಡೆ ದಣಿಯುವ ಮುಂಚೆ ಬೆರಳು ಸೋಲುತ್ತದೆ. ಎರಡೂ ಕೈ ಪಕ್ಕಪಕ್ಕ ಕೂರುವಷ್ಟು ಅಗಲವೂ ಬೇಕು. ಕಿರುಬೆರಳು ಹೊರಗುಳಿದರೂ ಪರವಾಗಿಲ್ಲ, ಆದರೆ ಬೆರಳ ಮೇಲೆ ಬೆರಳು ಹತ್ತಬಾರದು. ಉಂಗುರ ತೆಗೆದಿಟ್ಟು ಹಿಡಿದು ನೋಡಿ. ಮನೆಯಲ್ಲೂ ಅಷ್ಟೇ, ಉಂಗುರ ಹಾಕಿಕೊಂಡು ಬೀಸಲೇಬೇಡಿ.

ಗುಂಡು ಯಾವುದರದ್ದು

ಸಿಗುವುದರಲ್ಲಿ ಅಗ್ಗವಾದದ್ದು ಪ್ಲಾಸ್ಟಿಕ್ ಚಿಪ್ಪಿನೊಳಗೆ ಸಿಮೆಂಟು ತುಂಬಿದ್ದು. ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾರಣ ಒಂದು ಸಣ್ಣ ಲೆಕ್ಕದಲ್ಲಿದೆ. ಬೀಡು ಕಬ್ಬಿಣ ನೀರಿಗಿಂತ ಸುಮಾರು 7 ಪಟ್ಟು ಭಾರ. ಸಿಮೆಂಟು ಕಾಂಕ್ರೀಟು ಎರಡೂವರೆ ಪಟ್ಟಿಗಿಂತಲೂ ಕಡಿಮೆ. 16 ಕಿಲೋ ಕಬ್ಬಿಣವನ್ನು ಗುಂಡು ಮಾಡಿದರೆ ಅಡ್ಡಳತೆ ಸುಮಾರು 16 ಸೆಂಟಿಮೀಟರ್, ಒಂದು ಚಿಕ್ಕ ತೆಂಗಿನಕಾಯಿಯಷ್ಟು. ಅದೇ ತೂಕದ ಕಾಂಕ್ರೀಟು ಗುಂಡು ಸುಮಾರು 24 ಸೆಂಟಿಮೀಟರ್ ಆಗುತ್ತದೆ. ಅಷ್ಟು ದೊಡ್ಡದು ತೊಡೆಗಳ ನಡುವೆ ಸರಾಗವಾಗಿ ಹಾಯುವುದಿಲ್ಲ, ಮೊಣಕಾಲಿಗೆ ಬಡಿಯುತ್ತದೆ. ಭುಜಕ್ಕೆ ತಂದರೆ ಮುಂಗೈ ಮೇಲೆ ಕೂರುವುದಿಲ್ಲ. ಹಿಡಿಯೂ ಪ್ಲಾಸ್ಟಿಕ್ಕಿನದೇ ಆಗಿದ್ದರೆ, ಮೇಲೆ ಹೇಳಿದ ಮೂರು ಪಟ್ಟಿನ ಲೆಕ್ಕವನ್ನು ಒಮ್ಮೆ ನೆನಪಿಸಿಕೊಳ್ಳಿ.

ಉಳಿಯುವುದು ಎರಡು ಬಗೆ. ಒಂದು ಸಾಮಾನ್ಯ ಬೀಡು ಕಬ್ಬಿಣದ್ದು. ಇದರಲ್ಲಿ ತೂಕ ಏರಿದ ಹಾಗೆ ಗುಂಡೂ ದೊಡ್ಡದಾಗುತ್ತದೆ. ಇನ್ನೊಂದು ಸ್ಪರ್ಧೆಯ ಮಾದರಿ, ಉಕ್ಕಿನದು. ಇದರಲ್ಲಿ 8 ಕಿಲೋ ಆಗಲಿ 32 ಕಿಲೋ ಆಗಲಿ, ಹೊರಗಿನ ಅಳತೆ ಒಂದೇ. ಗುಂಡಿನ ಅಡ್ಡಳತೆ 21 ಸೆಂಟಿಮೀಟರ್. ಹಗುರದ್ದರ ಒಳಗೆ ಟೊಳ್ಳು. ಗುರುತಿಗೆ ಬಣ್ಣ ಇರುತ್ತದೆ: 12 ನೀಲಿ, 16 ಹಳದಿ, 24 ಹಸಿರು, 32 ಕೆಂಪು.

ಅಳತೆ ಒಂದೇ ಇದ್ದರೆ ಏನು ಲಾಭ ಅಂತ ಕೇಳಬಹುದು. ಬೆಲ್ ಅನ್ನು ಭುಜದ ಹತ್ತಿರ ತಂದು ನಿಲ್ಲಿಸುತ್ತೇವಲ್ಲ, ಆಗ ಗುಂಡು ಮುಂಗೈ ಹಿಂಬದಿಗೆ ಒರಗುತ್ತದೆ. 8 ಕಿಲೋದ ಕಬ್ಬಿಣದ ಗುಂಡು ಬರೀ 13 ಸೆಂಟಿಮೀಟರ್ ಅಡ್ಡಳತೆಯದು. ಅದು ಸರಿಯಾಗಿ ಮಣಿಕಟ್ಟಿನ ಮೂಳೆಯ ಹತ್ತಿರ ಬಂದು ಕುಟ್ಟುತ್ತದೆ. ದೊಡ್ಡ ಗುಂಡು ಸ್ವಲ್ಪ ಕೆಳಗೆ, ಮಾಂಸ ಇರುವಲ್ಲಿ ಒರಗುತ್ತದೆ. ಆಮೇಲೆ ತೂಕ ಬದಲಾದರೂ ಕೈಗೆ ರೂಢಿಯಾದ ಜಾಗ ಬದಲಾಗುವುದಿಲ್ಲ. ಒಂದೇ ಕೈಯಲ್ಲಿ ತಲೆಯ ಮೇಲೆ ಎತ್ತುವುದೇ ನಿಮ್ಮ ಇಷ್ಟದ ಕೆಲಸವಾದರೆ ಸ್ಪರ್ಧೆಯ ಮಾದರಿಗೆ ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ. ಎರಡೂ ಕೈಯಲ್ಲಿ ಬೀಸುವುದು, ಎದೆಗೆ ಹಿಡಿದು ಕೂತೇಳುವುದು ಇಷ್ಟೇ ಸಾಕು ಅನ್ನುವವರಿಗೆ ಬೀಡು ಕಬ್ಬಿಣದ್ದೇ ಚೆಂದ. ಗುಂಡು ಚಿಕ್ಕದು, ಕಾಲ ನಡುವೆ ಸುಲಭವಾಗಿ ಹಾಯುತ್ತದೆ. ಹಿಡಿಯೂ ಸಾಮಾನ್ಯವಾಗಿ ಅಗಲ ಜಾಸ್ತಿ. ನನ್ನ ಮನೆಯಲ್ಲಿರುವುದು ಇದೇ.

ತಟ್ಟೆ ಹಾಕಿ ತೆಗೆದು ತೂಕ ಬದಲಿಸುವ ಬೆಲ್‌ಗಳೂ ಇವೆ. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗ ಮೂವರೂ ಒಂದನ್ನೇ ಬಳಸುವ ಮನೆಗೆ, ಜಾಗ ಕಡಿಮೆ ಇರುವ ಬಾಡಿಗೆ ಮನೆಗೆ ಇದು ಹೊಂದುತ್ತದೆ. ಆದರೆ ಕೊಳ್ಳುವ ಮುಂಚೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗಡಗಡ ಅಂದರೆ ತಟ್ಟೆ ಬಿಗಿಯಾಗಿಲ್ಲ. ಪ್ರತಿ ಸಲ ಶುರು ಮಾಡುವ ಮುಂಚೆ ಸ್ಕ್ರೂ ಬಿಗಿ ಇದೆಯಾ ಅಂತ ನೋಡುವ ತಾಳ್ಮೆ ಇಲ್ಲದವರು ಇದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಎಷ್ಟು ಕಿಲೋ

ಎಲ್ಲರೂ ಕೇಳುವ ಪ್ರಶ್ನೆ ಇದು. ಒಂದೇ ಅಂಕಿಯಲ್ಲಿ ಉತ್ತರ ಹೇಳಲು ಬರುವುದಿಲ್ಲ. ಯಾಕೆಂದರೆ ಒಂದೇ ಮೈಯಲ್ಲಿ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಬಲ ಇರುತ್ತದೆ. ನೆಲದಿಂದ ಎತ್ತುವುದು, ಬೀಸುವುದು ತೊಡೆ ಮತ್ತು ಸೊಂಟದ ಕೆಲಸ. ಇವು ಮೈಯ ದೊಡ್ಡ ಸ್ನಾಯುಗಳು, ಭಾರ ಕೇಳುತ್ತವೆ. ಒಂದೇ ಕೈಯಲ್ಲಿ ತಲೆಯ ಮೇಲೆ ಎತ್ತುವ ಪ್ರೆಸ್ ಭುಜದ ಕೆಲಸ. ಅದಕ್ಕೆ ಸುಮಾರು ಅರ್ಧದಷ್ಟು ತೂಕ ಸಾಕಾಗುತ್ತದೆ. ನಾನು ಕೊಂಡ 4 ಕಿಲೋ ಸೋತದ್ದು ಇಲ್ಲೇ. ಬೀಸುವಾಗ ಅದು ಅಷ್ಟು ಹಗುರ ಅಂದರೆ ಸೊಂಟದ ಬದಲು ತೋಳಿನಿಂದಲೇ ಎತ್ತಿಬಿಡುತ್ತಿದ್ದೆ. ಎರಡು ವಾರದಲ್ಲಿ ಭುಜ ನೋಯತೊಡಗಿತು. ಹಗುರ ತೂಕ ಸುರಕ್ಷಿತ ಅನ್ನುವ ನಂಬಿಕೆ ಬೀಸುವ ಕೆಲಸದಲ್ಲಿ ಕೈಕೊಡುತ್ತದೆ.

ನಾನು ಗೆಳತಿಯರಿಗೆ ಹೇಳುವುದು ಇದು. ಆರೋಗ್ಯವಾಗಿರುವ, ಹೊಸದಾಗಿ ಶುರು ಮಾಡುವ ಹೆಂಗಸರು 8 ಕಿಲೋದಿಂದ ಶುರು ಮಾಡಿ. ತೋಟ, ಕೊಟ್ಟಿಗೆ ಕೆಲಸ ಮಾಡಿ ರೂಢಿ ಇದ್ದರೆ ನೇರ 12. ಗಂಡಸರಿಗೆ ಸಾಮಾನ್ಯವಾಗಿ 16 ಹೇಳುತ್ತಾರೆ, ಅದು ಸರಿಯೇ. ಆದರೆ ಹತ್ತು ವರ್ಷ ಕುರ್ಚಿ ಬಿಟ್ಟು ಏಳದವರು 12ರಿಂದ ಶುರು ಮಾಡಿದರೆ ಅವಮಾನವೇನಿಲ್ಲ. 60 ದಾಟಿದವರಿಗೆ 4, 6 ಕಿಲೋಗಳಿಗೆ ನಿಜವಾದ ಕೆಲಸ ಇದೆ. ಬೀಸುವುದು ಬೇಡ, ಮಣೆ ಮೇಲಿಟ್ಟು ಎತ್ತಿಳಿಸುವುದು, ಕೈಯಲ್ಲಿ ಹಿಡಿದು ಜಗಲಿ ಉದ್ದಕ್ಕೂ ನಡೆಯುವುದು ಸಾಕು.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಸಂಕೋಚ ಬೇಡ, ಚಪ್ಪಲಿ ಕೊಳ್ಳುವಾಗ ಹಾಕಿಕೊಂಡು ನಡೆದು ನೋಡುವುದಿಲ್ಲವೇ? ಬೆಲ್ ಅನ್ನು ಎರಡೂ ಕೈಯಿಂದ ಎದೆಗೆ ಹಿಡಿದು ನಿಧಾನವಾಗಿ 5 ಸಲ ಕೂತು ಏಳಿ. ಆಮೇಲೆ ನೆಲದಿಂದ 10 ಸಲ ಎತ್ತಿಳಿಸಿ. ಬೆನ್ನು ಗೂನಾಗದೆ, ಉಸಿರು ಕಟ್ಟದೆ ಇಷ್ಟು ಮಾಡಲು ಬಂದು, ಕೊನೆಯ ಎರಡು ಸಲ "ಕೆಲಸ ಆಯಿತು" ಅನ್ನಿಸಿದರೆ ಅದು ನಿಮ್ಮ ತೂಕ. ಒಂದೇ ಕೈಯಲ್ಲಿ ತಲೆಯ ಮೇಲೆ ಎತ್ತಲು ಬಾರದಿದ್ದರೆ ಬೇಸರ ಬೇಡ. ಅದು ನಾಲ್ಕಾರು ತಿಂಗಳ ನಂತರದ ಮಾತು.

ಚೀಟಿಯಲ್ಲಿ ಬರೆದ ತೂಕವನ್ನೂ ಸುಮ್ನೆ ನಂಬಬೇಡಿ. ಪಕ್ಕದ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟು ನೋಡಿ. ಬೆಲೆಯನ್ನು ಕಿಲೋ ಲೆಕ್ಕಕ್ಕೆ ಭಾಗಿಸಿ ಹೋಲಿಸಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಸಾಗಣೆ ಖರ್ಚನ್ನೂ ಸೇರಿಸಿ. ಭಾರದ ವಸ್ತು, ಹಳ್ಳಿ ವಿಳಾಸ ಅಂದರೆ ಎಲ್ಲರೂ ತಂದುಕೊಡುವುದಿಲ್ಲ. ವಾಪಸ್ ಕಳಿಸುವುದಂತೂ ಇನ್ನೂ ಕಷ್ಟ.

ಒಮ್ಮೆಗೇ ಸೆಟ್ ಕೊಳ್ಳುವ ಆಸೆ ಬರುತ್ತದೆ. ಬೇಡ, ಒಂದು ಸಾಕು. ಆದರೆ ಮುಂದಿನದಕ್ಕೆ ಹೋಗುವಾಗ ಒಂದು ಲೆಕ್ಕ ಗೊತ್ತಿರಲಿ. ಬೆಲ್‌ಗಳು ಹೆಚ್ಚಾಗಿ 4 ಕಿಲೋ ಅಂತರದಲ್ಲಿ ಸಿಗುತ್ತವೆ. 20ರಿಂದ 24ಕ್ಕೆ ಹೋದರೆ ಏರಿಕೆ ನೂರಕ್ಕೆ 20. 8ರಿಂದ 12ಕ್ಕೆ ಹೋದರೆ ನೂರಕ್ಕೆ 50! ಅಂತರ ಅದೇ 4 ಕಿಲೋ, ಭುಜಕ್ಕೆ ಬೀಳುವ ಹೊಡೆತ ಬೇರೆ. ಹಗುರ ಬೆಲ್ ಬಳಸುವವರು 10 ಕಿಲೋದ್ದು ಸಿಗುತ್ತದಾ ಅಂತ ವಿಚಾರಿಸಬೇಕು. ಸಿಗದಿದ್ದರೆ 12ನ್ನು ಮೊದಲು ಬೀಸಲು, ಎತ್ತಿಳಿಸಲು ಮಾತ್ರ ಬಳಸಿ. ತಲೆಯ ಮೇಲಿನ ಕೆಲಸಕ್ಕೆ 8 ಇರಲಿ. ಹಳೆಯದು ಯಾವತ್ತೂ ವ್ಯರ್ಥವಾಗುವುದಿಲ್ಲ.

ಬೀಸುವುದರ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಇದು ಕೂತು ಏಳುವುದಲ್ಲ. ಎರಡೂ ಕೈಯಲ್ಲಿ ಹುಲ್ಲಿನ ಹೊರೆ ಇದ್ದಾಗ ಕೊಟ್ಟಿಗೆ ಬಾಗಿಲನ್ನು ಹಿಂಬದಿಯಿಂದ ತಳ್ಳಿ ಮುಚ್ಚುತ್ತೇವಲ್ಲ, ಅದೇ ಚಲನೆ. ಮಂಡಿ ಸ್ವಲ್ಪವೇ ಬಾಗುತ್ತದೆ, ಸೊಂಟ ಹಿಂದಕ್ಕೆ ಹೋಗುತ್ತದೆ, ಬೆನ್ನು ಹಲಗೆಯಂತೆ ನೆಟ್ಟಗಿರುತ್ತದೆ. ಆಮೇಲೆ ಸೊಂಟವನ್ನು ಮುಂದಕ್ಕೆ ಚಿಮ್ಮಿಸಿದಾಗ ಬೆಲ್ ತಾನಾಗಿ ತೇಲುತ್ತದೆ, ತೋಳು ಬರೀ ಹಗ್ಗ. ಈ ಸೊಂಟದ ಮಡಿಕೆ ಬರುವವರೆಗೆ, ಎರಡು ಮೂರು ವಾರವಾದರೂ ಸರಿ, ನೆಲದಿಂದ ಎತ್ತಿಳಿಸುವುದನ್ನಷ್ಟೇ ಮಾಡಿ. ಬಲ್ಲವರು ಒಬ್ಬರು ಪಕ್ಕದಲ್ಲಿ ನಿಂತು ನೋಡಿದರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಡಿಸ್ಕ್ ತೊಂದರೆ, ಹರ್ನಿಯಾ, ಹತೋಟಿಗೆ ಬಾರದ ಬಿಪಿ, ಮೂಳೆ ಸವೆತ ಇದ್ದವರು, ಗರ್ಭಿಣಿಯರು, ಬಾಣಂತಿಯರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಪ್ರಯೋಜನ ಇದೆಯಾ ಅಂತ ಕೇಳುವವರಿಗೆ ಒಂದು ಅಧ್ಯಯನದ ಮಾತು. 2011ರಲ್ಲಿ ಡೆನ್ಮಾರ್ಕ್‌ನಲ್ಲಿ, ಮೈಕೈ ನೋವು ಸಾಮಾನ್ಯವಾಗಿರುವ ಉದ್ಯೋಗಗಳ 40 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪು 8 ವಾರ, ವಾರಕ್ಕೆ 3 ಸಲ, ಸುಮಾರು 20 ನಿಮಿಷ ಕೆಟಲ್‌ಬೆಲ್ ಮಾಡಿತು. ಅವರ ಕುತ್ತಿಗೆ, ಭುಜ, ಸೊಂಟದ ನೋವು ಕಡಿಮೆಯಾಯಿತು. ಆದರೆ ಹೃದಯ, ಶ್ವಾಸಕೋಶದ ಕಸುವು ಏರಲಿಲ್ಲ. 40 ಜನರ ಸಣ್ಣ ಅಧ್ಯಯನ, ನಿಜ. ಆದರೂ ನನಗೆ ಅದರ ಎರಡನೇ ಭಾಗ ಇಷ್ಟ. ಮಳೆ ಬಿಟ್ಟ ಮೇಲೆ ವಾಕಿಂಗ್ ಬಿಡಬೇಡಿ ಅಂತ ಅದು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದೂ ಎರಡನ್ನೂ ಸೇರಿಸಿಯೇ. ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ.

ಮಲೆನಾಡಿನ ತೇವ

ಬೇರೆ ಊರಿನವರಿಗೆ ಬೇಕಿಲ್ಲದ ಒಂದು ಅಧ್ಯಾಯ ನಮಗೆ ಬೇಕು. ಜುಲೈನಲ್ಲಿ ಬೀರುವಿನೊಳಗಿನ ಸೀರೆಗೇ ಬೂಸ್ಟು ಹಿಡಿಯುವ ಊರಿನಲ್ಲಿ ಕಬ್ಬಿಣದ ಪಾಡೇನು? ನನ್ನ ಗುಲಾಬಿ ಬೆಲ್‌ನ ಪ್ಲಾಸ್ಟಿಕ್ ಹೊದಿಕೆ ಎರಡನೇ ಮಳೆಗಾಲದಲ್ಲಿ ತಳದಲ್ಲಿ ಸೀಳಿತು. ಒಳಗೆ ನೀರಿನ ಪಸೆ ನಿಂತು, ತುಕ್ಕು ನೀರು ಇಳಿದು ನೆಲದ ಮೇಲೆ ಕಂದು ಬಳೆ ಬಿದ್ದಿತ್ತು. ಹೊದಿಕೆ ಕಬ್ಬಿಣವನ್ನು ಕಾಯುತ್ತದೆ ಅಂದುಕೊಂಡಿದ್ದೆ. ಒಮ್ಮೆ ಸೀಳಿದ ಮೇಲೆ ಅದು ತೇವವನ್ನೇ ಕಾಯುತ್ತದೆ, ಒಣಗಲು ಬಿಡುವುದಿಲ್ಲ.

ಹೊಳೆಯುವ ಎನಾಮಲ್ ಪೇಂಟ್ ಚೆಂದ ಕಾಣುತ್ತದೆ, ಬೆವರಿದ ಕೈಯಲ್ಲಿ ಜಾರುತ್ತದೆ. ನಮ್ಮ ಹವೆಗೆ ಪೌಡರ್ ಕೋಟಿಂಗ್ ಆದದ್ದು ಉತ್ತಮ. ಗೇಟು, ಗ್ರಿಲ್‌ಗಳಿಗೆ ಮಾಡಿಸುತ್ತಾರಲ್ಲ, ಅದೇ. ಮೇಲ್ಮೈ ಸ್ವಲ್ಪ ತರಿತರಿಯಾಗಿದ್ದು ಹಿಡಿತ ಸಿಗುತ್ತದೆ, ಚಾಕ್ ಪುಡಿಯೂ ನಿಲ್ಲುತ್ತದೆ. ಈ ಚಾಕ್ ಅಂದರೆ ಮೆಗ್ನೀಷಿಯಂ ಕಾರ್ಬೊನೇಟ್, ಶಾಲೆಯ ಸೀಮೆಸುಣ್ಣವಲ್ಲ. ಮಳೆಗಾಲದಲ್ಲಿ ಕೈ ಒಣಗುವುದೇ ಇಲ್ಲ, ಹಾಗಾಗಿ ಒಂದು ಚಿಟಿಕೆ ಬೇಕಾಗುತ್ತದೆ. ಆದರೆ ಚಾಕ್ ತೇವ ಹೀರುತ್ತದೆ. ಕೆಲಸ ಮುಗಿದ ಮೇಲೆ ಹಿಡಿಯನ್ನು ಒಣಬಟ್ಟೆಯಲ್ಲಿ ಒರೆಸಿಯೇ ಇಡಬೇಕು.

ನೆಲಕ್ಕೆ ತಾಗಿಸಿ ಇಡಬೇಡಿ. ಒಂದು ಮರದ ಹಲಗೆಯ ಮೇಲಿಡಿ. ಬಚ್ಚಲಿನ ಹತ್ತಿರ, ಗೋಡೆ ನೀರು ಬಿಡುವ ಮೂಲೆಯಲ್ಲಿ ಬೇಡ. ಬಣ್ಣ ಎದ್ದು ಬರೀ ಕಬ್ಬಿಣ ಕಂಡ ಕಡೆ ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ ಹಾಕಿ ಒರೆಸಿ, ದೋಸೆ ಕಾವಲಿಗೆ ಎಣ್ಣೆ ಸವರಿ ಎತ್ತಿಡುವ ಹಾಗೆ. ಮುಂದಿನ ಸಲ ಬಳಸುವ ಮುಂಚೆ ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯುವುದನ್ನು ಮರೆಯಬೇಡಿ.

ಎಲ್ಲಿ ನಿಂತು ಮಾಡುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಅಂಗಳದಲ್ಲಿ ಹಾವಸೆ ಕಟ್ಟಿದ್ದರೆ ಅಲ್ಲಿ ಕಾಲಿಡಲೇಬೇಡಿ. ಹಳೆಯ ಮನೆಯ ಮರದ ಅಟ್ಟದ ಮೇಲೆ ಬೇಡ. ತೊಲೆ ತಗ್ಗಿದ್ದರೆ, ಫ್ಯಾನ್ ಕೆಳಗಿದ್ದರೆ, ತಲೆಯ ಮೇಲೆ ಎತ್ತುವ ಮುಂಚೆ ಬರಿಗೈಯಲ್ಲಿ ಅಳತೆ ನೋಡಿ. ಕೆಂಪು ಸಿಮೆಂಟಿನ ನೆಲದ ಮೇಲೆ 12 ಕಿಲೋ ಬಿದ್ದರೆ ಚಕ್ಕೆ ಏಳುತ್ತದೆ, ಆ ನೆಲವನ್ನು ಮತ್ತೆ ಹಾಗೇ ಮಾಡಿಕೊಡುವವರು ಈಗ ಸಿಗುವುದು ಕಷ್ಟ. ನಾನು ಹಾಸಿರುವುದು ಕೊಟ್ಟಿಗೆಯಲ್ಲಿ ದನಗಳಿಗೆ ಹಾಸುವ ರಬ್ಬರ್ ಮ್ಯಾಟ್. ದಪ್ಪ ಇದೆ, ಜಾರುವುದಿಲ್ಲ. ಬರಿಗಾಲಲ್ಲೇ ನಿಲ್ಲುತ್ತೇನೆ. ಮೆತ್ತನೆ ಅಡಿಯ ರನ್ನಿಂಗ್ ಶೂ ಹಾಕಿದರೆ ಹಿಮ್ಮಡಿ ಅಲುಗುತ್ತದೆ, ಅದು ಇದಕ್ಕೆ ಹೊಂದುವುದಿಲ್ಲ. ಎದುರು ಬದುರು ಯಾರೂ ಇರಬಾರದು, ಮನೆ ಬೆಕ್ಕೂ ಸಹ.

ಕೊನೆಗೆ ಹಳೆಯದನ್ನು ಕೊಳ್ಳುವ ವಿಷಯ. ಉತ್ಸಾಹದಲ್ಲಿ ಕೊಂಡು ಮೂಲೆಗಿಟ್ಟವರು ಬಹಳ ಮಂದಿ ಇದ್ದಾರೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಇದರಲ್ಲಿ ಸವೆಯುವಂಥದ್ದು ಏನೂ ಇಲ್ಲ, ಧೈರ್ಯವಾಗಿ ಕೊಳ್ಳಿ. ಮೇಲಿನ ತುಕ್ಕಿಗೆ ಹೆದರಬೇಡಿ. ತಂತಿ ಬ್ರಷ್, ಸ್ವಲ್ಪ ಸೀಮೆಎಣ್ಣೆ, ಅರ್ಧ ಗಂಟೆ ತಿಕ್ಕಿದರೆ ಹೋಗುತ್ತದೆ. ತಿಕ್ಕುವುದನ್ನು ಹೊರಗೆ, ಗಾಳಿ ಬೆಳಕಿನಲ್ಲಿ, ಒಲೆಯಿಂದ ದೂರ ಮಾಡಿ. ಆದರೆ ಹಿಡಿ ಗುಂಡಿಗೆ ಸೇರುವ ಎರಡೂ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬಿಟ್ಟುಬಿಡಿ, ಸುಮ್ಮನೆ ಕೊಟ್ಟರೂ ಬೇಡ. ನನ್ನ 12 ಕಿಲೋದ್ದು ಹಾಗೆ ಬಂದದ್ದೇ, ಭದ್ರಾವತಿಯ ಒಬ್ಬರ ಮನೆಯಿಂದ. ಭಾವ ಟಾರ್ಚ್ ಹಾಕಿ ಎರಡೂ ಮೂಲೆ ನೋಡಿ, ಬಟ್ಟೆ ಎಳೆದು ನೋಡಿ, "ಎರಕ ಚೆನ್ನಾಗಿದೆ, ತಗೊ" ಅಂದರು. ಮೂರು ಮಳೆಗಾಲ ಕಳೆಯಿತು. ಈಗ ಊರಿಗೆ ಒಯ್ದರೆ ಅಮ್ಮನೂ ಅದನ್ನು ಎರಡು ಕೈಯಲ್ಲಿ ಹಿಡಿದು ಮಣೆಯಿಂದ ಹತ್ತು ಸಲ ಎತ್ತಿಳಿಸುತ್ತಾಳೆ.